ಗೇಜ್ ಪುಸ್ತಕದ ಎಂಟು ಗಂಟೆ

ನನ್ನ ಹೆಸರು ರಾಮಾಂಜನೇಯ ತಂದೆ ಹುಲುಗಪ್ಪ, ವಯಸ್ಸು 36 ವರ್ಷ, ಉದ್ಯೋಗ ಕಾಲುವೆ ಗ್ಯಾಂಗ್‌ಮನ್ (ಹೊರಗುತ್ತಿಗೆ), ವಾಸ ಕರಿಕಲ್ಲು ಕ್ಯಾಂಪ್, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಎಂಟು ವರ್ಷಗಳಿಂದ ನಾನು ನಮ್ಮ ಕ್ಯಾಂಪಿನ ಹತ್ತಿರದ ಉಪಕಾಲುವೆ ಗೇಟಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಜೊತೆ ಖಾಯಂ ಗ್ಯಾಂಗ್‌ಮನ್ ಮಾರೆಪ್ಪ, 54 ವರ್ಷ, ಇದ್ದಾರೆ. ನನಗೆ ಕೆಲಸ ಕಲಿಸಿದವರು ಅವರೇ. ರಕ್ತಸಂಬಂಧ ಇಲ್ಲದಿದ್ದರೂ ಅವರನ್ನು ಮಾಮಾ ಎಂದೂ, ಅವರ ಹೆಂಡತಿ ಉಡಚಮ್ಮನವರನ್ನು ಅತ್ತಿ ಎಂದೂ ಕರೆಯುತ್ತೇನೆ. ಅವರ ಮಗಳು ಗೀತಾ, ಕೊಪ್ಪಳದ ಖಾಸಗಿ ಆಸ್ಪತ್ರೆಯೊಂದರ ಡಾ. ಸಿದ್ದಾರ್ಥ ಅವರ ಮೇಲೆ ಈ ಠಾಣೆಯಲ್ಲಿ ದೂರು ಕೊಟ್ಟಿದ್ದಾಳೆ. ತಂದೆಯ ಮೆದುಳಿನ ರಕ್ತನಾಳದಿಂದ ಹೆಪ್ಪು ತೆಗೆಯುವಾಗ ವೈದ್ಯರ ನಿರ್ಲಕ್ಷ್ಯದಿಂದ ರಕ್ತಸ್ರಾವ ಆಯಿತು ಎಂಬುದು ಆ ದೂರು. ಅದರಲ್ಲಿ ಇಲ್ಲದ ಒಂದು ಸಂಗತಿ ನನಗೆ ಗೊತ್ತಿದೆ.

ಗೇಟಿನ ಬಳಿ ನೆಟ್ಟ ಅಳತೆಪಟ್ಟಿಯನ್ನು ಬೆಳಿಗ್ಗೆ 6, 8 ಮತ್ತು 10 ಗಂಟೆಗೆ ನೋಡಿ ನೀರಿನ ಮಟ್ಟವನ್ನು ಗೇಜ್ ಪುಸ್ತಕದಲ್ಲಿ ಬರೆಯಬೇಕು. ಮುಂಗಾರಿ ಬೆಳೆಗೆ ನೀರು ಬಿಟ್ಟ ಮೇಲೆ ವಾರಗಟ್ಟಲೆ ಮಟ್ಟ ಬದಲಾಗುವುದಿಲ್ಲ. ಆದ್ದರಿಂದ ನಾವಿಬ್ಬರೂ ಮೂರು ಹೊತ್ತಿನದನ್ನೂ ಆರು ಗಂಟೆಗೇ ಬರೆದು ಬೇರೆ ಕೆಲಸಕ್ಕೆ ಹೋಗುತ್ತಿದ್ದೆವು. ಮೊದಲ ವರ್ಷ ನಾನು ಹೆದರಿದಾಗ ಮಾರೆಪ್ಪನವರು ನಕ್ಕು, ‘ನೀರು ನಮ್ಮ ಮನಿ ಎಮ್ಮಿ ಇದ್ದಂಗ ಐತಲೇ, ಕಟ್ಟಿದಲ್ಲೇ ನಿಂತಿರತೈತಿ, ಬರಿ’ ಎಂದಿದ್ದರು.

ದಿನಾಂಕ 17-10-2024, ಗುರುವಾರ, ಬೆಳಿಗ್ಗೆ 6 ಗಂಟೆಗೆ ಮಟ್ಟ ನಾಲ್ಕು ಅಡಿ ಎರಡು ಅಂಗುಲ ಇತ್ತು. ಮಾರೆಪ್ಪನವರು ಅದನ್ನೇ ಮೂರು ಸಾಲಿನಲ್ಲಿ ಬರೆದು ಮೂರು ಕಡೆ ಸಹಿ ಮಾಡಿದರು. ಕೈ ನಡುಗುತ್ತಿರಲಿಲ್ಲ, ಮಾತು ಸರಿಯಾಗಿತ್ತು. 6-20ಕ್ಕೆ ನಾನು ಮೊಪೆಡ್ ಮೇಲೆ ಐದು ಕಿ.ಮೀ. ಕೆಳಗಿನ ಸೇತುವೆಗೆ ಸಿಕ್ಕಿದ್ದ ಕಸ ತೆಗೆಯಲು ಹೊರಟೆ. ಬರುವಾಗ ಒಗ್ಗರಣಿ ಮಂಡಕ್ಕಿ ತರಲು ಹೇಳಿದರು. ಅವರು ಸರಿಯಾಗಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಕೊನೆ.

7-40ಕ್ಕೆ ನಮ್ಮ ಮೇಲ್ವಿಚಾರಕ ಶರಣಬಸಪ್ಪನವರು ಫೋನ್ ಮಾಡಿ, ಮೇಲಿನಿಂದ ನೀರು ಕಡಿಮೆ ಮಾಡಿದ್ದಾರೆ, ಗೇಟ್ ನೋಡಿಕೊಳ್ಳಿ ಎಂದರು. ನಾನು 7-42ಕ್ಕೆ ಮತ್ತು 7-45ಕ್ಕೆ ಮಾರೆಪ್ಪನವರಿಗೆ ಕರೆ ಮಾಡಿದೆ. ಎರಡೂ ಸಲ ಪೂರ್ತಿ ರಿಂಗ್ ಆಗಿ ನಿಂತಿತು. ಚಹಾ ಕುಡಿಯುತ್ತಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡು ಕಸ ತೆಗೆಯುವುದನ್ನು ಮುಂದುವರಿಸಿದೆ.

9-10ಕ್ಕೆ ಮಂಡಕ್ಕಿ ಕಟ್ಟಿಸಿಕೊಂಡು ಬಂದೆ. ಮಾರೆಪ್ಪನವರು ಗೇಟಿನ ಕೋಣೆಯ ಗೋಡೆಗೆ ಒರಗಿ ಕುಳಿತಿದ್ದರು. ಬಾಯಿ ಎಡಕ್ಕೆ ಎಳೆದಿತ್ತು, ಬಲಗೈ ಏಳುತ್ತಿರಲಿಲ್ಲ. ಮಾತಾಡಲು ಹೋದರೆ ಬರೀ ಸಪ್ಪಳ ಬರುತ್ತಿತ್ತು. ಮುಂದಿದ್ದ ಚಹಾದ ಮೇಲೆ ಕೆನೆ ಗಟ್ಟಿಯಾಗಿ ಕಟ್ಟಿತ್ತು, ಇರುವೆ ಮುತ್ತಿದ್ದವು. ಫೋನ್ ಅವರ ಬಲಗೈ ಪಕ್ಕದಲ್ಲೇ ಬಿದ್ದಿತ್ತು. 9-14ಕ್ಕೆ 108ಕ್ಕೆ ಕರೆ ಮಾಡಿದೆ. 9-45ಕ್ಕೆ ವಾಹನ ಬಂತು. ಉಡಚಮ್ಮ ಮತ್ತು ಗೀತಾ ಜೊತೆಗೆ ಹತ್ತಿದರು. ಗೇಟ್ ಬಿಟ್ಟು ಬರುವಂತಿಲ್ಲದ ಕಾರಣ ನಾನು ಉಳಿದೆ. ವಿಷಯ ತಿಳಿದು ಶರಣಬಸಪ್ಪನವರು ಗೇಟಿಗೆ ಬಂದರು.

10-58ಕ್ಕೆ ಆಸ್ಪತ್ರೆಯಿಂದ ಗೀತಾಳ ಫೋನ್ ಬಂತು. ‘ಅಣ್ಣಾ, ಅಪ್ಪ ಯಾವಾಗ ಮಟ ಛಲೋ ಇದ್ದ? ಡಾಕ್ಟರ್ ಕೇಳಾಕ ಹತ್ಯಾರ, ಲಗೂನ ಹೇಳು’ ಎಂದಳು. ಹಿಂದಿನಿಂದ ವೈದ್ಯರು, ಅಂದಾಜು ಬೇಡ, ಸರಿಯಿದ್ದದ್ದನ್ನು ನೋಡಿದ ಹೊತ್ತು ಬೇಕು ಎನ್ನುತ್ತಿದ್ದದ್ದು ಕೇಳಿಸಿತು. ಶರಣಬಸಪ್ಪನವರು ನನ್ನಿಂದ ಎರಡು ಅಡಿ ದೂರದಲ್ಲಿ ನಿಂತಿದ್ದರು. ಗೇಜ್ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. 6-20ರಿಂದ ಅವರನ್ನು ನೋಡಿಲ್ಲ ಎಂದರೆ ಎಂಟರ ಸಾಲು ಯಾರು ಬರೆದರು ಎಂಬ ಪ್ರಶ್ನೆ ಬರುತ್ತಿತ್ತು. ನಾನು, ‘ಎಂಟಕ್ಕ ತಾವ ಗೇಜ್ ಬರದಾರ ನೋಡು, ಸಹಿ ಐತಿ’ ಎಂದೆ. ವೈದ್ಯರು ಫೋನ್ ತೆಗೆದುಕೊಂಡು, ಖಚಿತವೇ ಎಂದು ಕೇಳಿದರು. ‘ಖಚಿತ್ರಿ ಸರ’ ಎಂದೆ.

ಮುಂದಿನದನ್ನು ಗೀತಾ ಹೇಳಿದಂತೆ ತಿಳಿಸುತ್ತೇನೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಎಂಟರ ಲೆಕ್ಕದಲ್ಲಿ ಇನ್ನೂ ಸಮಯವಿದೆ ಎಂದು 11-15ಕ್ಕೆ ಕೊಟ್ಟರು. ಹೆಪ್ಪು ದೊಡ್ಡದಿದ್ದುದರಿಂದ ತೊಡೆಯ ಸಂದಿಯ ರಕ್ತನಾಳದಿಂದ ತಂತಿ ಕಳಿಸಿ ಎಳೆದು ತೆಗೆಯಬೇಕೆಂದರು. ನೂರರಲ್ಲಿ ಐದಾರು ಜನರಿಗೆ ಮೆದುಳಿನೊಳಗೆ ರಕ್ತ ಸೋರಬಹುದು, ನಾಳ ಹರಿಯಬಹುದು, ಹೆಪ್ಪಿನ ಚೂರು ಮುಂದೆ ಹೋಗಿ ಕೂರಬಹುದು ಎಂದು ಮೊದಲೇ ತಿಳಿಸಿ ಸಹಿ ಪಡೆದರು. 11-50ಕ್ಕೆ ಆರಂಭಿಸಿ 12-40ಕ್ಕೆ ಹೆಪ್ಪು ತೆಗೆದರು. ಬಿಳಿ ಬಟ್ಟೆಯ ಮೇಲಿಟ್ಟು ತೋರಿಸಿದರಂತೆ, ತೊಗರಿ ಕಾಳಿನಷ್ಟು ಇತ್ತಂತೆ. 1-30ಕ್ಕೆ ಮಾರೆಪ್ಪನವರು ಬಲಗೈ ಬೆರಳು ಆಡಿಸಿದರು. ಉಡಚಮ್ಮ ನನಗೆ ಫೋನ್ ಮಾಡಿ, ‘ನಿಮ್ಮ ಮಾಮಾ ನನ್ನ ಕೈ ಹಿಡದ್ರೋ ರಾಮಾ, ಮಂಡಕ್ಕಿ ಇಟ್ಟಿರು’ ಎಂದು ನಕ್ಕರು. 3-20ಕ್ಕೆ ಅವರಿಗೆ ವಾಂತಿಯಾಯಿತು, ಪ್ರಜ್ಞೆ ಹೋಯಿತು. ಸ್ಕ್ಯಾನ್‌ನಲ್ಲಿ ಮೆದುಳಿನೊಳಗೆ ರಕ್ತ ಕಂಡಿತು. ಅಂದಿನಿಂದ ಅವರು ತೀವ್ರ ನಿಗಾ ಘಟಕದಲ್ಲಿ ಉಸಿರಾಟದ ಯಂತ್ರದ ಮೇಲೆ ಇದ್ದಾರೆ.

ದಿನಾಂಕ 21ರಂದು ಗೀತಾ ದೂರು ಕೊಟ್ಟ ಮೇಲೆ ನಾನು ಶರಣಬಸಪ್ಪನವರಿಗೆ ಎಲ್ಲ ಹೇಳಿದೆ. ಅವರು, ‘ಪುಸ್ತಕ ಕಾಲುವಿಗೆ ಬಿದ್ದು ನೆಂದು ಹೋತು ಅಂದ್ರ ಮುಗೀತು. ಮಾರೆಪ್ಪನ ಪೆನ್ಶನ್‌ಗೆ ನೀನ ಕಲ್ಲು ಹಾಕತಿಯೇನು? ನಿನಗ ಖಾಯಂ ಆಗೋ ಆಸೆ ಐತೋ ಇಲ್ಲೋ?’ ಎಂದರು. ನಾನು ಅಂದು ಸಂಜೆ ಪುಸ್ತಕವನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಮನೆಗೆ ಒಯ್ದೆ.

ದಿನಾಂಕ 23ರಂದು ಬೆಳಿಗ್ಗೆ 11 ಗಂಟೆಗೆ ಆಸ್ಪತ್ರೆಗೆ ಹೋಗಿ ಡಾ. ಸಿದ್ದಾರ್ಥ ಅವರಿಗೆ ನಿಜ ಹೇಳಿದೆ. ಅವರು, 6-20 ಎಂದು ಗೊತ್ತಿದ್ದರೆ ಆ ಇಂಜೆಕ್ಷನ್ ಕೊಡುತ್ತಿರಲಿಲ್ಲ, ಸ್ಕ್ಯಾನ್ ನೋಡಿ ನೇರವಾಗಿ ಹೆಪ್ಪು ತೆಗೆಯಲು ಹೋಗುತ್ತಿದ್ದೆ ಎಂದರು. ಹಾಗಾದರೆ ರಕ್ತ ಸೋರುತ್ತಿರಲಿಲ್ಲವೇ ಎಂದು ಕೇಳಿದೆ. ‘ಸೋರತಿರಲಿಲ್ಲ ಅಂತ ನಾ ಹೇಳಂಗಿಲ್ಲ. ಸೋರತಿತ್ತು ಅಂತನೂ ಹೇಳಂಗಿಲ್ಲ’ ಎಂದರು. ಬೈಯಲಿಲ್ಲ.

ಅದೇ ದಿನ ಘಟಕದ ಹೊರಗಿನ ಬೆಂಚಿನಲ್ಲಿ ಉಡಚಮ್ಮ ಮತ್ತು ಗೀತಾಗೂ ಹೇಳಿದೆ. ಗೀತಾ ಎದ್ದು ಹೋದಳು. ಉಡಚಮ್ಮ ನನ್ನ ಎಡಗೈ ಹಿಡಿದು, ‘ಕೈಯಾಗ ವಾಚ್ ಇತ್ತಲ್ಲೋ ರಾಮಾ, ಪುಸ್ತಕ ಯಾಕ ನೋಡಿದಿ?’ ಎಂದು ಕೇಳಿದರು. ನಾನು, ಪುಸ್ತಕ ತೋರಿಸಿದರೆ ಮಾಮಾನ ಪೆನ್ಶನ್‌ಗೆ ತೊಂದರೆ ಆಗಬಹುದು ಎಂದೆ. ‘ಮೊದಲ ಎದ್ದು ಕುಂದರಲಿ’ ಎಂದರು.

ವೈದ್ಯರಿಗೆ ತಪ್ಪು ಹೊತ್ತು ಹೇಳಿದವನು ನಾನು. ಗೇಜ್ ಪುಸ್ತಕವನ್ನು ಇಂದು ತಮ್ಮ ಮುಂದೆ ಹಾಜರುಪಡಿಸಿದ್ದೇನೆ. 17ನೇ ತಾರೀಖಿನ ಪುಟದಲ್ಲಿ ಎಂಟರ ಸಾಲನ್ನು ನಂಬುವುದು ಬಿಡುವುದು ತಮಗೆ ಬಿಟ್ಟದ್ದು. ಅದರ ಕೆಳಗಿನ ಹತ್ತರ ಸಾಲನ್ನೂ ದಯವಿಟ್ಟು ನೋಡಬೇಕು. ನಾಲ್ಕು ಅಡಿ ಎರಡು ಅಂಗುಲ ಎಂದು ಮಾರೆಪ್ಪನವರ ಅಕ್ಷರದಲ್ಲಿ, ಅವರ ಸಹಿಯೊಂದಿಗೆ ಇದೆ. ಆ ಹತ್ತು ಗಂಟೆಗೆ ಅವರು ಅಂಬುಲೆನ್ಸ್‌ನಲ್ಲಿ ಮಲಗಿದ್ದರು, ಅವರ ಬಲಗೈಯನ್ನು ಉಡಚಮ್ಮ ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರಂತೆ.

ಇದು ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು. ಬರೆದದ್ದನ್ನು ನನಗೆ ಓದಿ ಹೇಳಲಾಗಿದ್ದು, ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಕೊಪ್ಪಳ
ದಿನಾಂಕ: 24-10-2024, ಸಮಯ ಬೆಳಿಗ್ಗೆ 10-25 (ನನ್ನ ಕೈಗಡಿಯಾರ ನೋಡಿ ಬರೆಸಿದ್ದು)

ಸಹಿ/-
ರಾಮಾಂಜನೇಯ