ಬ್ರೇಕಿಗೆ ಕುಸುಬಿ ಎಣ್ಣೆ

ಮಲಾಡಿನಲ್ಲಿ ಕುಳಿತು, ಪವಾಯಿಯಲ್ಲಿ ಕೆಮ್ಮುವ ಸ್ಕೂಟರಿನ ರೋಗ ಹೇಳಬಲ್ಲವನು ನಾನು. ಸಾಂತಾಕ್ರೂಜಿನ ವಿಮಾನಗಳೂ ನನ್ನನ್ನು ಕೇಳಿಯೇ ಇಳಿಯುತ್ತವೆ. ಇಂಥ ನಾನು ನಿನ್ನೆ ಬೆಳಿಗ್ಗೆ ಬಸ್ಸಿನ ಸರದಿಯಲ್ಲಿ ನಿಂತಿದ್ದೆ. ಮುಂದೆ ನಮ್ಮ ಬಿಲ್ಡಿಂಗಿನ ನಾಗವ್ವ, ಅವಳ ಗಂಡ ಮುರಿಗೆಪ್ಪ. ಇಬ್ಬರ ಕೈಯಲ್ಲೂ ಜೋಳದ ರೊಟ್ಟಿಯ ಚೀಲ. ನನ್ನನ್ನು ಅವರು ನೋಡಿರಲಿಲ್ಲ.

“ಸ್ಕೂಟರಿನ ಬ್ರೇಕಿಗೆ ಯಾರರ ಎಣ್ಣಿ ಹಾಕ್ತಾರೇನ್ರಿ?” ನಾಗವ್ವ ಗಂಡನನ್ನು ಕೇಳುತ್ತಿದ್ದಳು.

“ಕಿರ್ ಕಿರ್ ಅಂತಿತ್ತು. ಮನ್ಯಾಗ ರಿಪೇರಿ ಮಾಡಿದ್ರಾತು ಅಂದೆ.”

“ಅದೂ ನಮ್ಮವ್ವ ವಿಜಾಪುರದಿಂದ ಕಳಿಸಿದ ಕುಸುಬಿ ಎಣ್ಣಿ.”

“ಗಾಣದ್ದು, ಚಲೋ ಇರ್ತೈತಿ ಅಂತ.”

“ಭಾಳ ಚಲೋ ಇತ್ತು. ಎಷ್ಟು ಒತ್ತಿದ್ರೂ ಗಾಡಿ ನಿಲ್ಲಲಿಲ್ಲ. ಸೊಸೈಟಿ ಗೇಟಿಗೆ ಬಡದು ನಿಂತೆ.”

“ನಿನಗೇನೂ ಆಗಲಿಲ್ಲಲ್ಲ.”

“ನೂರು ರೊಟ್ಟಿ ಹನ್ನೆರಡಕ್ಕ ಪವಾಯಿ ಮದುವಿಗೆ ಮುಟ್ಟಬೇಕು. ತಡ ಆದ್ರ ಆ ಮಂದಿ ಮತ್ತ ನನ್ನ ಕರೀತಾರೇನು? ಇಷ್ಟು ಶಾಣ್ಯಾತನ ಯಾರು ಕಲಿಸಿದ್ರು ನಿಮಗ?”

“ಮೂರನೇ ಮಾಳಿಗಿ ಗುರುಪಾದಣ್ಣ. ನಲವತ್ತು ವರ್ಷದಿಂದ ಗಾಡಿ ಬಿಚ್ಚಿ ಜೋಡಸ್ತಾರಂತ.”

ಆಗಲೇ ನನಗೆ ಕೆಮ್ಮು ಬರಬೇಕೆ? ನಾಗವ್ವ ತಿರುಗಿ ನೋಡಿದಳು.

“ಗುರುಪಾದಣ್ಣಾರ, ನಿಮ್ಮ ಗಾಡಿ ಎಲ್ಲೈತ್ರಿ?”

ಅಷ್ಟರಲ್ಲಿ ಬಸ್ ಬಂತು. ಮುರಿಗೆಪ್ಪ ಎರಡೂ ಚೀಲ ಹೊತ್ತು ಒಳಗೆ ನುಗ್ಗಿದ. ನಾಗವ್ವ ಮಾತ್ರ ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ಕಂಡಕ್ಟರ್ ಗಂಟೆ ಹೊಡೆದ.

“ನನಗ ಗಾಡೀನ ಇಲ್ಲವ್ವಾ,” ಎಂದೆ. “ಜೀವನದಾಗ ನಟ್ಟು ಬಿಚ್ಚೂ ಒಂದು ಪಾನಾ ಹಿಡದಿಲ್ಲ.”