ಹಸಿರು ಚೌಕ

ಎಂಡೋಸ್ಕೋಪಿ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಯಾರೋ ಅತ್ತಿಗೆ ನಾದಿನಿ ಕುಳಿತಿದ್ದರು. ಅತ್ತಿಗೆಯ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಔಷಧಿ ಸಿಂಪಡಿಸಿದ ಗಂಟಲು ಇನ್ನೂ ಜೋಮು ಹಿಡಿದಿದ್ದರಿಂದ ನಿಧಾನವಾಗಿ ಮಾತಾಡುತ್ತಿದ್ದರು.

“ಹೊಟ್ಟೆ ಒಳಗಿನದೆಲ್ಲ ಟೀವಿಯಲ್ಲಿ ಕಾಣ್ತಿತ್ತು ಕಣೆ. ಡಾಕ್ಟರು ನೋಡ್ಕೊಂಡು ಪೈಪನ್ನ ಮುಂದಕ್ಕೆ ತಳ್ಳಿಬಿಟ್ರು. ಅಷ್ಟರಲ್ಲಿ ಕಂಪ್ಯೂಟರು ಒಂದು ಕಡೆ ಹಸಿರು ಚೌಕ ಹಾಕ್ತು.”

“ಹಾಗಂದ್ರೆ?”

“ಇಲ್ಲೇನೋ ಇದೆ, ಸರಿಯಾಗಿ ನೋಡಿ ಅಂತ. ಡಾಕ್ಟರು ಪೈಪನ್ನ ವಾಪಸ್ ಅಲ್ಲಿಗೇ ತಂದು ಒಂದು ಚೂರು ತೆಗೆದ್ರು, ಕ್ಯಾನ್ಸರಾ ಅಂತ ನೋಡೋಕೆ.”

“ಅಯ್ಯೋ! ಅದು ಸುಮ್ಮಸುಮ್ಮನೆ ಹಾಕಿರಬಹುದು ಅತ್ತಿಗೆ.”

“ಹಾಗೂ ಹಾಕುತ್ತಂತೆ. ಮೊದಲು ಒಂದು ನೊರೆಗುಳ್ಳೆಗೂ ಹಾಕಿತ್ತು, ಡಾಕ್ಟರು ನಕ್ಕರು. ಇದಕ್ಕೆ ನಗಲಿಲ್ಲ.”

ನಾದಿನಿ ಅತ್ತಿಗೆಯ ಕಡೆ ತಿರುಗಿ ಕುಳಿತಳು.

“ಎರಡು ವರ್ಷದಿಂದ ಉರಿ ಅಂತಿದ್ರಿ. ಮನೇಲಿ ಎಲ್ಲರೂ ಗ್ಯಾಸು ಅಂದ್ವಿ.”

“ನಿಮ್ಮಣ್ಣ ಅದನ್ನೂ ಅನ್ನಲಿಲ್ಲ, ಕೆಲಸ ತಪ್ಪಿಸೋ ನೆಪ ಅಂದ್ರು.”

“ಗುರುವಾರ ರಿಪೋರ್ಟಿಗೆ ನಾನೇ ಬರ್ತೀನಿ, ನೀವು ಮನೇಲಿರಿ.”

“ಬೇಡ. ನಾನೂ ಬರ್ತೀನಿ, ನಿಮ್ಮಣ್ಣನೂ ಬರಲಿ. ನಾನು ಹೇಳಿದ್ದು ಸಾಕು, ಡಾಕ್ಟರ ಬಾಯಿಂದ ಕೇಳಲಿ.”

ಎದುರಿನ ಲಿಫ್ಟ್ ಬಂತು, ಇಬ್ಬರೂ ಎದ್ದರು. ನಾದಿನಿ ಕೈ ಹಿಡಿಯಲು ಹೋದಳು. ಅತ್ತಿಗೆ ತಮ್ಮ ಚೀಲವನ್ನು ಅವಳ ಕೈಗೆ ಕೊಟ್ಟು, ತಾವೇ ನಡೆದು ಒಳಗೆ ಹೋದರು.