ಬಿಗಿಯದೆ ಬಿಟ್ಟ ಗಾಲಿ

ಹಗಲೆಲ್ಲ ತೆಲುಗು, ಹಿಂದಿ ಕೇಳಿ ದಣಿದಿದ್ದ ಸುಮಂಗಲಾಳಿಗೆ ನಾಚಾರಂ ಬಸ್ಸಿನ ಹಿಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಹಿಗ್ಗಿನಿಂದ ತಿರುಗಿ ನೋಡಿದಳು. ಅಣ್ಣತಮ್ಮಂದಿರು. ತಮ್ಮನ ತೊಡೆಯ ಮೇಲೆ ಹಳೇ ಮೋಟಾರ್‌ಸೈಕಲ್ಲಿನ ಗಾಲಿ, ಅದರ ತುಂಬ ಫಳಫಳಿಸುವ ಹೊಸ ಸ್ಪೋಕುಗಳು.

“ಭಾಳ ಚಂದ ಕುಂತಾವ ಚನ್ನು. ನಿನ್ನ ಕೈಗುಣ.”

“ಅಪ್ಪನ ಗಾಡಿ ಅಲ್ಲೇನಣ್ಣಾ. ಆದ್ರ ಇಷ್ಟು ಹೊಳಪು ಅಪ್ಪಗ ಸೇರ್ತಿರಲಿಲ್ಲ. ನಾ ತಂದಿದ್ರ ಕರೀವು ತರ್ತಿದ್ದೆ.”

“ಅವರು ಸ್ಟೀಲಿನವೇ ಬೇಕಂದ್ರಪಾ.”

“ಯಾರು?”

ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ.

“ಅಣ್ಣಾ, ಯಾರು ಬೇಕಂದ್ರು?”

“ಮಾಧಾಪುರದಾಗ ಒಬ್ಬ ಸಾಫ್ಟ್‌ವೇರ್ ಸಾಹೇಬ. ಹಳೇ ಗಾಡಿ ಅಂದ್ರ ಜೀವ ಬಿಡ್ತಾನ. ಅವಗ ಮಾರೂ ಮಾತುಕತಿ ಮುಗದೈತಿ.”

“ಬಸವ ಜಯಂತಿಗೆ ಇಬ್ರೂ ಇದರ ಮ್ಯಾಲೇ ಕಲ್ಯಾಣಕ್ಕ ಹೋಗೂಣು ಅಂದಿದ್ದಿ.”

“ಹಂಗ ಅನ್ನಲಿಲ್ಲಂದ್ರ ನೀ ಕೈ ಹಚ್ಚತಿದ್ದ್ಯೇನು?”

ಸುಮಂಗಲಾ ಮುಂದೆ ನೋಡುತ್ತ ಕುಳಿತಳು. ತಾರ್ನಾಕಾ ಬಂದಾಗ ತಮ್ಮ ಎದ್ದು, ಗಾಲಿಯನ್ನು ಅಣ್ಣನ ತೊಡೆಯ ಮೇಲಿಟ್ಟ.

“ಎಲ್ಲಿಗೆ? ನಮ್ಮ ಸ್ಟಾಪ್ ಇನ್ನೂ ಮುಂದೈತಿ.”

“ಸ್ಪೋಕ್ ಏರ್ಸೀನಷ್ಟ, ಬಿಗಿ ಮಾಡಿಲ್ಲ. ಮನಿಗೆ ಹೋಗಿ ಮಾಡಾಂವಿದ್ದೆ. ಹಿಂಗ ಓಡಿಸಿದ್ರ ಬೀಳ್ತಾನ ಅಂತ ಆ ಸಾಹೇಬಗ ಹೇಳು.”

“ಚನ್ನು, ಕುಂದ್ರೋ…”

“ಅವಗಾದ್ರೂ ಖರೇ ಹೇಳಣ್ಣಾ.”

ಅಷ್ಟಂದು ಅವನು ಇಳಿದುಹೋದ. ಬಸ್ಸು ಹೊರಟಾಗ ಅಣ್ಣನ ತೊಡೆಯ ಮೇಲೆ ಸಡಿಲ ಸ್ಪೋಕುಗಳೆಲ್ಲ ಒಮ್ಮೆಲೇ ಗಲಗಲ ಅಂದವು.